ಜಲವರ್ಣಚಿತ್ರದಲ್ಲಿ ಬೆಳಕು: ಒಂದು ಐತಿಹಾಸಿಕ ವಿವೇಚನೆ

ತೈಲಚಿತ್ರದಲ್ಲಿ ಬೆಳಕನ್ನು ಬಿಳಿಯ ಬಣ್ಣದಿಂದ ತೋರಿಸುವುದು ವಾಡಿಕೆ; ಜಲವರ್ಣದಲ್ಲಿಯಾದರೋ ತೆಳುಬಣ್ಣದ ಅಡಿಯಲ್ಲಿರುವ ಬಿಳಿಯ ಕಾಗದವೇ ಬೆಳಕಾಗುತ್ತದೆ. ಇಂಗ್ಲೆಂಡಿನ ಥಾಮಸ್ ಗರ್ಟಿನ್ (1775–1802) 1800ರಲ್ಲಿ ರಚಿಸಿದ 'ಚೆಲ್ಸಿಯ ಬಿಳಿಯ ಮನೆ' ಇದಕ್ಕೆ ಉತ್ತಮ ನಿದರ್ಶನ. ಥೇಮ್ಸ್ ನದಿಯ ದಡದಲ್ಲಿ, ಸಂಜೆಯ ಮಬ್ಬಿನ ನಡುವೆ, ಬಣ್ಣ ತಾಗದೆ ಉಳಿದ ಕಾಗದದ ಚಿಕ್ಕದೊಂದು ಭಾಗವೇ ಮನೆಯಾಗಿ ಹೊಳೆಯುತ್ತದೆ. ಚಿತ್ರದ ಪ್ರಶಾಂತಭಾವವೆಲ್ಲ ಅದನ್ನೇ ಆಶ್ರಯಿಸಿದೆ.

ಆದರೆ ಇಂತಹ ಚಿತ್ರಗಳನ್ನು ಇತಿಹಾಸದ ಆಧಾರವಾಗಿ ಬಳಸುವಾಗ ನಾವು ಎಚ್ಚರದಿಂದಿರಬೇಕು. ಆ ಕಾಲದ ಚಿತ್ರಕಾರರು ಮೋಡದ ಬೂದುಬಣ್ಣಕ್ಕಾಗಿ ನೀಲಿಗಿಡದಿಂದ ತೆಗೆದ ನೀಲಿಯನ್ನು ಕೆಮ್ಮಣ್ಣಿನ ಬಣ್ಣದೊಡನೆ ಬೆರೆಸುತ್ತಿದ್ದುದುಂಟು. ಬೆಳಕಿಗೆ ನೀಲಿ ಮಾಸಿ, ಕೆಂಪು ಉಳಿಯುತ್ತದೆ. 1886ರಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಈ ವಿಷಯವಾಗಿ ತೀವ್ರ ವಾದ ನಡೆಯಿತು. ಅನೇಕ ಬಣ್ಣಗಳು ಬೆಳಕಿನಲ್ಲಿ ಮಾಸುವುವೆಂಬುದನ್ನೂ, ಅದಕ್ಕೆ ತೇವ ಮತ್ತು ಆಮ್ಲಜನಕಗಳು ನೆರವಾಗುವುವೆಂಬುದನ್ನೂ ರಸೆಲ್ ಮತ್ತು ಆಬ್ನಿಯವರು 1888ರ ತಮ್ಮ ವರದಿಯಲ್ಲಿ ಪ್ರಯೋಗಪೂರ್ವಕವಾಗಿ ತೋರಿಸಿದರು.

ಆದುದರಿಂದ ಇಂದು ನಮಗೆ ಸಂಜೆಗೆಂಪಾಗಿ ತೋರುವ ಆಕಾಶವು ಮೂಲದಲ್ಲಿ ಮಳೆಮೋಡವೇ ಆಗಿದ್ದಿರಬಹುದು. ಚಿತ್ರದ ಭಾವವನ್ನು ನಿರ್ಣಯಿಸುವ ಮುನ್ನ, ಚೌಕಟ್ಟಿನ ಮರೆಯಲ್ಲಿ ಬೆಳಕು ಕಾಣದೆ ಉಳಿದ ಅಂಚಿನ ಬಣ್ಣವನ್ನು ಪರೀಕ್ಷಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಚಿತ್ರಕ್ಕೆ ಜೀವವಿತ್ತ ಬೆಳಕೇ ಅದರ ಸಾಕ್ಷ್ಯವನ್ನು ಅಳಿಸುತ್ತದೆ.