ವೋಲ್ಟಾನಿಂದ ನಮ್ಮ ಕಾಕಾನ ಸೈಕಲ್‌ವರೆಗೆ

ಈ ಸಲ ಯುಗಾದಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಮನ್ನಾಏಖೇಳ್ಳಿ. ಬೆಂಗಳೂರಿನ ಗೆಳೆಯರು ಹೆಸರು ಕೇಳಿ "ಇನ್ನೊಂದ್ಸಲ ಹೇಳು" ಅಂತಾರೆ. ಎರಡು ಸಲ ಹೇಳಿ ಮೂರನೇ ಸಲಕ್ಕೆ "ಬೀದರ್ ಹತ್ರ" ಅಂತ ಮುಗಿಸಿಬಿಡ್ತೀನಿ :-) ಹುಮನಾಬಾದಿನಿಂದ ಜಹೀರಾಬಾದ್ ಕಡೆ ಹೋಗುವ ಹೈದರಾಬಾದ್ ಹೈವೇ ಮೇಲೆ ಸಿಗುವ ಊರು.

ಊಟ ಆದ ಮೇಲೆ ಕಾಕಾನ ಮಗ ತನ್ನ ಹೊಸ ಸಾಹಸ ತೋರಿಸಿದ. ಕಾಕಾನ ಹಳೇ ಸೈಕಲ್ಲಿನ ಹಿಂದಿನ ಗಾಲಿಗೆ 250 ವ್ಯಾಟಿನ ಹಬ್ ಮೋಟರ್. ಹೊಲಕ್ಕೆ ಹೋಗಿ ಬರಲು ಕಾಕಾನಿಗೆ ಈಗ ಪೆಡಲ್ ತುಳಿಯುವ ಕಷ್ಟವಿಲ್ಲ. ಖುಷಿ ಆಯ್ತು. ಬ್ಯಾಟರಿ ಎಲ್ಲಿ ಅಂದೆ. ಒಳಗೆ ಕರೆದುಕೊಂಡು ಹೋಗಿ ಕಾಕಾ ಮಲಗುವ ಮಂಚದ ಕೆಳಗೆ ಕೈ ತೋರಿಸಿದ. ಹಳೇ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಒಡೆದು ತೆಗೆದ 52 ಸೆಲ್, ಸುತ್ತಲೂ ಇನ್ಸುಲೇಷನ್ ಟೇಪು, ಒಂದು ಬಿಸ್ಕತ್ ಡಬ್ಬಿ. ಚಾರ್ಜ್ ಆಗ್ತಾ ಇತ್ತು.

"ಬಿಎಂಎಸ್ ಹಾಕಿಲ್ಲೇನೋ?"

"ಹಾಕಿದ್ದೆ ಅಣ್ಣಾ. ದಾರ್ಯಾಗ ಪದೇ ಪದೇ ಬಂದ್ ಆಗ್ತಿತ್ತು. ಬೈಪಾಸ್ ಮಾಡ್ದೆ. ಈಗ ಛಲೋ ನಡೀತದ."

ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಚಾರ್ಜರ್ ಕಿತ್ತು, ಡಬ್ಬಿ ಅಂಗಳಕ್ಕೆ ತಂದಿಟ್ಟು, ಮೊಬೈಲಿನಲ್ಲಿ ಓದುತ್ತಾ ಕೂತೆ. ಈ ಡಬ್ಬಿ ನಮ್ಮ ಮಂಚದ ಕೆಳಗೆ ಬಂದು ಸೇರೋದಕ್ಕೆ ಇನ್ನೂರು ವರ್ಷಕ್ಕಿಂತ ಹೆಚ್ಚು ಹಿಡಿದಿದೆ. ಆ ಕಥೆ ಹೇಳದೆ ಇರೋಕಾಗ್ತಿಲ್ಲ.

ಶುರು 1800ರಲ್ಲಿ. ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ ಸತುವಿನ ಬಿಲ್ಲೆ, ಬೆಳ್ಳಿಯ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ನೆನೆಸಿದ ಬಟ್ಟೆ ಅಂತ ಒಂದರ ಮೇಲೊಂದು ಪೇರಿಸಿ ನಿರಂತರ ವಿದ್ಯುತ್ ಹರಿಸಿ ತೋರಿಸಿದ. ಸತು, ಬೆಳ್ಳಿ... ಬೀದರಿನವರಿಗೆ ಇದನ್ನು ಓದಿದರೆ ಬೇರೇನೋ ನೆನಪಾಗಬೇಕಲ್ವಾ? ನಮ್ಮ ಬಿದ್ರಿ ಕೆಲಸ! ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ ಕಪ್ಪು ಮಾಡುತ್ತಾರೆ. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಮಾಡಿದ ಸೆಲ್ಲಿನಲ್ಲೂ (ಇವತ್ತಿನ ಟಾರ್ಚ್ ಸೆಲ್ಲಿನ ಅಜ್ಜ) ಇದ್ದದ್ದು ಇದೇ ಸತು, ಇದೇ ನವಸಾಗರ. ಬಿದ್ರಿ ಕೆಲಸದವರ ಅಂಗಡಿಯಲ್ಲಿ ಬ್ಯಾಟರಿಯ ಅರ್ಧ ಸಾಮಾನು ಶತಮಾನಗಳಿಂದ ಬಿದ್ದಿತ್ತು. ಹಾಗಂತ "ಬ್ಯಾಟರಿ ಕಂಡುಹಿಡಿದಿದ್ದು ನಾವೇ" ಅಂತ ಯಾರೂ ಮೇಲ್ ಫಾರ್ವರ್ಡ್ ಮಾಡಬೇಡಿ ಪ್ಲೀಸ್ :-)

ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲೆಡ್-ಆಸಿಡ್ ಬ್ಯಾಟರಿ ಬಂದದ್ದು 1859ರಲ್ಲಿ, ಗಾಸ್ಟನ್ ಪ್ಲಾಂಟೆಯಿಂದ. 1895ರಲ್ಲಿ ಅಮೆರಿಕದ ಆಗ್ಡನ್ ಬೋಲ್ಟನ್ ಸೈಕಲ್ಲಿನ ಹಿಂದಿನ ಗಾಲಿಯ ಹಬ್ಬಿನೊಳಗೇ ಮೋಟರ್ ಕೂರಿಸಿ ಪೇಟೆಂಟ್ ಪಡೆದ. ಅಂದ್ರೆ ನನ್ನ ತಮ್ಮ ಆನ್‌ಲೈನ್‌ನಲ್ಲಿ ತರಿಸಿದ ಕಿಟ್ಟಿನ ಮೂಲ ವಿಚಾರಕ್ಕೆ ನೂರಮೂವತ್ತು ವರ್ಷ ವಯಸ್ಸು! ಮೋಟರ್ ಅಷ್ಟು ಹಿಂದೆಯೇ ತಯಾರಿತ್ತು, ಬ್ಯಾಟರಿ ಇರಲಿಲ್ಲ. ಸೀಸದ ಭಾರವೇ ಸೈಕಲ್ಲನ್ನು ನೂರು ವರ್ಷ ಹಿಂದಕ್ಕೆ ಹಿಡಿದಿಟ್ಟಿತು. 1993ರಲ್ಲಿ ಯಮಹಾ ಜಪಾನಿನಲ್ಲಿ ಮೋಟರ್ ನೆರವಿನ ಸೈಕಲ್ ಮಾರಲು ಶುರು ಮಾಡಿದಾಗಲೂ ಅದರಲ್ಲಿದ್ದದ್ದು ಲೆಡ್-ಆಸಿಡ್ಡೇ.

ಹಗುರ ಬೇಕು ಅಂದ್ರೆ ಲಿಥಿಯಂ. ಆದರೆ ಅದರ ಇತಿಹಾಸ ಬೆಂಕಿಯ ಇತಿಹಾಸವೂ ಹೌದು. 1970ರ ದಶಕದಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ದಾರಿ ತೋರಿಸಿದರು. ಕೆನಡಾದ ಮೋಲಿ ಎನರ್ಜಿ ಲೋಹದ ಲಿಥಿಯಂ ಇದ್ದ ಸೆಲ್ಲುಗಳನ್ನು ಮಾರುಕಟ್ಟೆಗೆ ತಂದಿತು. ಜಪಾನಿನಲ್ಲಿ ಮೊಬೈಲ್ ಫೋನುಗಳಿಗೆ ಬೆಂಕಿ ಬಿದ್ದು 1989ರಲ್ಲಿ ಎಲ್ಲವನ್ನೂ ವಾಪಸ್ ಕರೆಸಬೇಕಾಯಿತು. ಇದೇ ಹೊತ್ತಿಗೆ ಜಪಾನಿನ ಅಕಿರಾ ಯೋಶಿನೋ ಬೇರೆ ದಾರಿ ಹಿಡಿದಿದ್ದರು. ಜಾನ್ ಗುಡೆನಫ್ 1980ರಲ್ಲಿ ತೋರಿಸಿಕೊಟ್ಟ ಕೋಬಾಲ್ಟ್ ಆಕ್ಸೈಡ್ ಒಂದು ಕಡೆ, ಲೋಹದ ಲಿಥಿಯಂ ಬದಲು ಕಾರ್ಬನ್ ಇನ್ನೊಂದು ಕಡೆ. 1986ರಲ್ಲಿ ಯೋಶಿನೋ ತಮ್ಮ ಸೆಲ್ಲನ್ನು ಸ್ಫೋಟಕ ಪರೀಕ್ಷಿಸುವ ಜಾಗಕ್ಕೆ ಒಯ್ದು ಅದರ ಮೇಲೆ ಕಬ್ಬಿಣದ ಭಾರ ಬೀಳಿಸಿದರು. ಲೋಹದ ಲಿಥಿಯಂ ಸೆಲ್ ಹೊತ್ತಿ ಉರಿಯಿತು, ಇವರದ್ದು ಉರಿಯಲಿಲ್ಲ. ಲಿಥಿಯಂ-ಅಯಾನ್ ಬ್ಯಾಟರಿ ಹುಟ್ಟಿದ ಗಳಿಗೆ ಅದೇ ಅಂತ ಅವರು ನಂತರ ಹೇಳಿಕೊಂಡಿದ್ದಾರೆ. ಎಷ್ಟು ಶಕ್ತಿ ತುಂಬುತ್ತದೆ ಅನ್ನುವ ಪರೀಕ್ಷೆಯನ್ನಲ್ಲ, ಸುರಕ್ಷತೆಯ ಪರೀಕ್ಷೆಯನ್ನು ಜನ್ಮದಿನ ಅಂದದ್ದು ನನಗೆ ತುಂಬಾ ಹಿಡಿಸಿತು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಬಂತು.

ಆಮೇಲೆ ಬಂದದ್ದೇ 18650. ಹದಿನೆಂಟು ಮಿಲಿಮೀಟರ್ ದಪ್ಪ, ಅರವತ್ತೈದು ಮಿಲಿಮೀಟರ್ ಉದ್ದ. ಲ್ಯಾಪ್‌ಟಾಪ್‌ಗಾಗಿ ಕೋಟಿಗಟ್ಟಲೆ ತಯಾರಾಗಿ ಅಗ್ಗವಾಯಿತು. ಅದರಲ್ಲೂ ಎಡವಟ್ಟಾಗಿದೆ: 2006ರಲ್ಲಿ ಡೆಲ್ ಸೋನಿ ಸೆಲ್ಲುಗಳಿದ್ದ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ವಾಪಸ್ ಕರೆಯಿತು. ಎರಡೇ ವರ್ಷಕ್ಕೆ, 2008ರಲ್ಲಿ, ಟೆಸ್ಲಾ ತನ್ನ ಮೊದಲ ಕಾರು ರೋಡ್‌ಸ್ಟರ್‌ಗೆ ಇದೇ ಅಳತೆಯ 6,831 ಸೆಲ್ ಜೋಡಿಸಿತು. ಆ ಪ್ಯಾಕಿನಲ್ಲಿ ನನಗೆ ದೊಡ್ಡದು ಅನಿಸಿದ್ದು ಸಂಖ್ಯೆ ಅಲ್ಲ, ಸೆಲ್ ಸೆಲ್ಲಿಗೂ ಇದ್ದ ಪುಟ್ಟ ಫ್ಯೂಸ್. "ಇಷ್ಟರಲ್ಲಿ ಒಂದಾದರೂ ಕೆಡುತ್ತದೆ" ಅಂತ ಮೊದಲೇ ಒಪ್ಪಿಕೊಂಡು ಮಾಡಿದ ಡಿಸೈನ್ ಅದು. ಒಂದು ಕೆಟ್ಟರೆ ಪಕ್ಕದ್ದು ಉಳಿಯಬೇಕು.

ಬಿಸ್ಕತ್ ಡಬ್ಬಿಯಲ್ಲಿ ಇದ್ಯಾವುದೂ ಇರಲಿಲ್ಲ. ಬೆಳಿಗ್ಗೆ ತಮ್ಮನನ್ನು ಕೂರಿಸಿಕೊಂಡು ಲೆಕ್ಕ ಬರೆದು ತೋರಿಸಿದೆ. ನಾಲ್ಕು ನಾಲ್ಕು ಸೆಲ್ಲಿನ 13 ಗುಂಪು, ಸಾಲಾಗಿ. ಒಂದು ಗುಂಪು ತುಂಬಿದಾಗ 4.2 ವೋಲ್ಟ್, ಹದಿಮೂರಕ್ಕೆ 54.6. ಚಾರ್ಜರ್ ನೋಡೋದು ಈ ಒಟ್ಟು ಮೊತ್ತ ಮಾತ್ರ. ಹಳೇ ಸೆಲ್ ಅಂದ ಮೇಲೆ ಒಂದೊಂದರ ತಾಕತ್ತು ಒಂದೊಂದು ಥರ. ದುರ್ಬಲ ಗುಂಪು ಬೇಗ ತುಂಬಿ ಮುಂದಕ್ಕೆ ಓಡುತ್ತದೆ. ಹನ್ನೆರಡು ಗುಂಪು 4.15ರಲ್ಲಿ ನಿಂತು ಹದಿಮೂರನೆಯದು 4.8ಕ್ಕೆ ಹೋದರೂ ಮೊತ್ತ ಅದೇ 54.6! ಚಾರ್ಜರ್ ಹಸಿರು ದೀಪ ಹಚ್ಚಿ ಆರಾಮಾಗಿ ಕೂರುತ್ತದೆ. ಆ ಹದಿಮೂರನೆಯದು ಒಳಗೊಳಗೇ ಬಿಸಿಯಾಗಿ, ಸುಮಾರು 130 ಡಿಗ್ರಿಗೆ ನಡುವಿನ ಪ್ಲಾಸ್ಟಿಕ್ ಪರದೆ ಕರಗಿ, ಆಮೇಲೆ ಕೋಬಾಲ್ಟ್ ಆಕ್ಸೈಡ್ ತಾನೇ ಆಮ್ಲಜನಕ ಬಿಡಲು ಶುರು ಮಾಡಿದರೆ ಮುಗೀತು, ಕಂಬಳಿ ಮುಚ್ಚಿ ಆರಿಸುವ ಬೆಂಕಿ ಅಲ್ಲ ಅದು. ತಮ್ಮನ ಬಿಎಂಎಸ್ ದಾರಿಯಲ್ಲಿ ಪದೇ ಪದೇ ಬಂದ್ ಆಗ್ತಿದ್ದದ್ದೂ ಅದೇ ದುರ್ಬಲ ಗುಂಪನ್ನು ಕಂಡು. ಅದು ಬೊಬ್ಬೆ ಹೊಡೀತಿತ್ತು, ಇವನು ಬಾಯಿ ಮುಚ್ಚಿಸಿದ್ದ.

ಸುಮ್ಮನೆ ಹೆದರಿಸ್ತಾ ಇಲ್ಲ. 2022ರ ಮಾರ್ಚಿನಲ್ಲಿ ವೆಲ್ಲೂರಿನಲ್ಲಿ ಮನೆಯಲ್ಲಿ ಚಾರ್ಜಿಗಿಟ್ಟ ಸ್ಕೂಟರಿನ ಹೊಗೆಗೆ ಅಪ್ಪ ಮಗಳು ಇಬ್ಬರೂ ಸತ್ತರು. ಏಪ್ರಿಲ್‌ನಲ್ಲಿ ನಿಜಾಮಾಬಾದಿನಲ್ಲಿ ಹಾಲ್‌ನಲ್ಲಿ ಚಾರ್ಜಿಗಿಟ್ಟಿದ್ದ ಬ್ಯಾಟರಿ ಸಿಡಿದು 80 ವರ್ಷದ ಅಜ್ಜ ಹೋದರು. ನಿಜಾಮಾಬಾದ್ ನಮಗೆ ಪರವೂರಲ್ಲ, ನಮ್ಮ ಜಿಲ್ಲೆಯ ಆಚೆ ಮಗ್ಗುಲು. ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಇ-ಸ್ಕೂಟರ್ ಶೋರೂಮಿನ ಬೆಂಕಿ ಮೇಲಿನ ಹೋಟೆಲಿಗೆ ನುಗ್ಗಿ ಎಂಟು ಜನ. ಇವೆಲ್ಲ ಕಂಪನಿಗಳಲ್ಲಿ ತಯಾರಾದ ಸ್ಕೂಟರುಗಳು, ಬಿಸ್ಕತ್ ಡಬ್ಬಿಗಳಲ್ಲ. ಆಮೇಲೆ ಸರ್ಕಾರ ಎಐಎಸ್-156 ನಿಯಮ ಬಿಗಿ ಮಾಡಿತು: ಮೈಕ್ರೋಪ್ರೊಸೆಸರ್ ಇರುವ ಬಿಎಂಎಸ್, ಒಳಗೆ ಬಿಸಿ ಅಳೆಯುವ ಸೆನ್ಸರುಗಳು, ಅಪಾಯ ಬಂದರೆ ಸದ್ದು-ಬೆಳಕಿನ ಎಚ್ಚರಿಕೆ. 2022ರ ಡಿಸೆಂಬರ್ ಮತ್ತು 2023ರ ಮಾರ್ಚ್, ಎರಡು ಕಂತಿನಲ್ಲಿ ಜಾರಿಗೆ ಬಂತು. ಆದರೆ 250 ವ್ಯಾಟ್, 25 ಕಿಲೋಮೀಟರ್ ವೇಗದ ಒಳಗಿರುವ ಗಾಡಿ ನಮ್ಮ ಕಾನೂನಿನ ಪ್ರಕಾರ ಮೋಟರು ವಾಹನವೇ ಅಲ್ಲ, ನಂಬರ್ ಪ್ಲೇಟೂ ಬೇಡ. ಮನೆಯಲ್ಲೇ ಡಬ್ಬಿ ಕಟ್ಟುವವನನ್ನು ಕೇಳೋರ್ಯಾರು? ನ್ಯೂಯಾರ್ಕ್ ನಗರ 2023ರಲ್ಲಿ ಹಳೇ ಸೆಲ್ಲುಗಳಿಂದ ಜೋಡಿಸಿದ ಬ್ಯಾಟರಿ ಮಾರುವುದನ್ನೇ ನಿಷೇಧಿಸಿತು. ಹಾಗೆ ಮಾಡಬೇಕಾದ ಸ್ಥಿತಿ ಅಲ್ಲೂ ಬಂದಿತ್ತು.

ನಮ್ಮ ರಾಜ್ಯಕ್ಕೂ ಇದರಲ್ಲಿ ದೊಡ್ಡ ಪಾಲಿದೆ. 2001ರಲ್ಲಿ ಬೆಂಗಳೂರಿನ ಚೇತನ್ ಮೈನಿ ಅವರ ರೇವಾ ಕಾರು ರಸ್ತೆಗಿಳಿದಾಗ ಅದರಲ್ಲಿ 48 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ ಇತ್ತು, ಜತೆಗೆ ಅದನ್ನು ಕಾಯುವ ಪುಟ್ಟ ಕಂಪ್ಯೂಟರೂ ಇತ್ತು. ಆ ಆಟಿಕೆಯಂಥ ಕಾರನ್ನು ನೋಡಿ ನಕ್ಕವರು ಈ ಎರಡನೆಯದನ್ನು ಗಮನಿಸಲಿಲ್ಲ. ಇನ್ನು ಏಥರ್. ಐಐಟಿ ಮದ್ರಾಸಿನಲ್ಲಿ ಓದಿದ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ 2013ರಲ್ಲಿ ಶುರು ಮಾಡಿದ್ದು ಸ್ಕೂಟರ್ ಮಾಡೋಣ ಅಂತಲ್ಲ. ಆಗಿನ ಲೆಡ್-ಆಸಿಡ್ ಸ್ಕೂಟರುಗಳಿಗೆ ಒಳ್ಳೆಯ ಲಿಥಿಯಂ ಪ್ಯಾಕ್ ಮಾಡಿಕೊಡೋಣ ಅಂತ. ಹಾಕಲು ಯೋಗ್ಯವಾದ ಸ್ಕೂಟರೇ ಇಲ್ಲ ಅಂತ ಗೊತ್ತಾಗಿ ಸ್ಕೂಟರಿಗೇ ಕೈ ಹಾಕಿದರು, 2018ರಲ್ಲಿ ಬೆಂಗಳೂರಿನಲ್ಲಿ ಮಾರಲು ಶುರು ಮಾಡಿದರು. ಅಂದ್ರೆ ಐದು ವರ್ಷ! ನನ್ನ ತಮ್ಮ ಒಂದು ಭಾನುವಾರದಲ್ಲಿ ಮುಗಿಸಿದ್ದ.

ಸರಿ, ಬೈದು ಬೆಂಗಳೂರಿಗೆ ವಾಪಸ್ ಬಂದರೆ ಕಾಕಾ ಮತ್ತೆ ಪೆಡಲ್ ತುಳೀಬೇಕು. ಅದಕ್ಕೆ ನಾನೇ ಕೈ ಹಾಕಿದೆ. ಈ ಸಲ ಹೊಸ ಸೆಲ್, ಅದೂ ಲಿಥಿಯಂ ಐರನ್ ಫಾಸ್ಫೇಟ್. ಇದನ್ನು ಲೋಕಕ್ಕೆ ತಿಳಿಸಿದ 1997ರ ಪ್ರಬಂಧದಲ್ಲಿ ಮೂರು ಹೆಸರುಗಳಿವೆ: ಪಾಢಿ, ನಂಜುಂಡಸ್ವಾಮಿ, ಗುಡೆನಫ್. ನಂಜುಂಡಸ್ವಾಮಿ ಅನ್ನೋ ಹೆಸರು ನೋಡಿ ಒಂದು ನಿಮಿಷ ಅಲ್ಲೇ ನಿಂತೆ. ಟೆಕ್ಸಾಸಿನ ಲ್ಯಾಬಿನಲ್ಲಿ ನಂಜನಗೂಡಿನ ದೇವರ ಹೆಸರು! ಇದರಲ್ಲಿ ರಂಜಕ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೆ, ಸುಲಭಕ್ಕೆ ಬಿಡೋಲ್ಲ. ಪೂರ್ತಿ ಸುರಕ್ಷಿತ ಅಂತಲ್ಲ, ಕೆಟ್ಟರೆ ಹತ್ತಿಕೊಳ್ಳುವ ಅನಿಲ ಇದರಿಂದಲೂ ಬರುತ್ತೆ. ಮಂಚದ ಕೆಳಗೆ ಇದಕ್ಕೂ ಜಾಗ ಇಲ್ಲ. 16 ಸೆಲ್, 51.2 ವೋಲ್ಟ್, 10 ಆಂಪಿಯರ್-ಅವರ್. ತುಂಬಲು ಅರ್ಧ ಯೂನಿಟ್ ಕರೆಂಟಿಗಿಂತ ಸ್ವಲ್ಪ ಹೆಚ್ಚು. ಅಲ್ಯೂಮಿನಿಯಂ ಪೆಟ್ಟಿಗೆ, ಫ್ಯೂಸ್, ಬಿಸಿ ನೋಡಲು ನಾಲ್ಕು ಸೆನ್ಸರ್, ಮತ್ತೆ ನನ್ನ ಕೋಡು.

ಮೊದಲ ವಾರವೇ ನನ್ನ ಕೋಡಿನ ಮರ್ಯಾದೆ ಹೋಯಿತು. ವೋಲ್ಟೇಜ್ ನೋಡಿ ಎಷ್ಟು ಪರ್ಸೆಂಟ್ ಉಳಿದಿದೆ ಅಂತ ತೋರಿಸ್ತಿದ್ದೆ. ಐರನ್ ಫಾಸ್ಫೇಟಿನ ವೋಲ್ಟೇಜ್ ನಡುವೆ ಹೆಚ್ಚುಕಮ್ಮಿ ಏರಿಳಿತವಿಲ್ಲದ ಬಯಲು, ಕೊನೆಗೆ ಒಮ್ಮೆಲೇ ಪ್ರಪಾತ. 40 ಅಂತ ತೋರಿಸುತ್ತಲೇ ತೊಗರಿ ಹೊಲದ ಬದುವಿನ ಮೇಲೆ ನಿಂತುಬಿಟ್ಟಿತು. ಕಾಕಾ ತಳ್ಳಿಕೊಂಡು ಬಂದರು. ಹೋದ ಬಂದ ಕರೆಂಟನ್ನು ಗಳಿಗೆ ಗಳಿಗೆಗೂ ಕೂಡಿ ಕಳೆದು ಲೆಕ್ಕ ಇಡೋ ಹಾಗೆ ಮತ್ತೆ ಬರೆದೆ.

ಎರಡನೇ ತಕರಾರು ಏಪ್ರಿಲ್ ಬಿಸಿಲಲ್ಲಿ. 45 ಡಿಗ್ರಿ ಮೇಲಿದ್ದರೆ ಚಾರ್ಜ್ ತಗೋಬೇಡ ಅಂತ ಬರೆದಿದ್ದೆ. ಮಧ್ಯಾಹ್ನ ಹೊಲದಿಂದ ಬಂದ ಪೆಟ್ಟಿಗೆ ಕಾದ ಹೆಂಚಿನ ಥರ. ಪ್ಲಗ್ ಹಾಕಿದರೆ ಸುಮ್ಮನೆ ಕೂತಿತ್ತು. ಕಾಕಾ ಫೋನ್ ಮಾಡಿದರು. "ಏ ತಮ್ಮಾ, ಕರೆಂಟ್ ಇರೋದೇ ಎರಡ್ ತಾಸು. ಆಗೇ ಇದು ಒಲ್ಲೆ ಅಂತದ. ಹಳೇದೇ ಛಲೋ ಇತ್ತು ನೋಡು." ಹಿಂದಿನಿಂದ ತಮ್ಮನ ದನಿ: "ಬೈಪಾಸ್ ಮಾಡ್ಲಾ ಅಣ್ಣಾ?"

ಆಗ ನನ್ನ ತಪ್ಪು ತಿಳೀತು. ಯಾಕೆ ಅಂತ ಹೇಳದೆ ಬಂದ್ ಆಗುವ ಯಂತ್ರದ ಬಾಯನ್ನು ಯಾರಾದರೂ ಮುಚ್ಚಿಸಿಯೇ ಮುಚ್ಚಿಸ್ತಾರೆ, ಹಳೇ ಡಬ್ಬಿಯಲ್ಲಿ ಆದದ್ದೂ ಅದೇ. ಒಂದು ಪುಟ್ಟ ಪರದೆ ತರಿಸಿದೆ. ಅದರ ಲೈಬ್ರರಿಗೆ ಕನ್ನಡ ಯೂನಿಕೋಡ್ ಬರೋಲ್ಲ, ಒತ್ತಕ್ಷರ ಅಂತೂ ಕೇಳಲೇಬೇಡಿ (ಬರಹ, ನುಡಿ ಕಾಲದ ಗೋಳೆಲ್ಲ ನೆನಪಾಯಿತು). ಅಕ್ಷರಗಳನ್ನು ಚಿತ್ರ ಮಾಡಿಯೇ ಹಾಕಿದೆ: "ಬಿಸಿ ಆಗೀನಿ. ನೆರಳಿಗಿಡ್ರಿ. ಅರ್ಧ ತಾಸು." ಕಾಕಾ ಈಗ ಹೊಲದಿಂದ ಬರುವಾಗಲೇ ಬ್ಯಾಟರಿ ಬಿಚ್ಚಿ ಬೇವಿನ ಮರದ ಕೆಳಗಿನ ಕಟ್ಟೆ ಮೇಲಿಡ್ತಾರೆ, ಅಲ್ಲಿಗೇ ವೈರ್ ಎಳೆಸಿದ್ದಾರೆ. "ಅದೂ ನನ್ನಂಗೇ, ಬಿಸಿಲಿಗ್ ಬಂದ್ರ ಉಣ್ಣಂಗಿಲ್ಲ" ಅಂತ ಕಟ್ಟೆ ಮೇಲೆ ಕೂತವರಿಗೆಲ್ಲ ಹೇಳ್ತಾರಂತೆ.

ಆ ಹಳೇ 52 ಸೆಲ್ ಇನ್ನೂ ಇವೆ. ಬಲ್ಬ್ ಹಚ್ಚಿ ಪೂರ್ತಿ ಖಾಲಿ ಮಾಡಿಸಿ, ತುದಿಗಳಿಗೆ ಟೇಪ್ ಸುತ್ತಿಸಿ, ಹೊಲದ ಮೂಲೆಯಲ್ಲಿ ಮರಳು ತುಂಬಿದ ಬಕೆಟ್ಟಿನಲ್ಲಿ ಇಡಿಸಿದ್ದೇನೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ವಾಪಸ್ ತಗೋಬೇಕಾದವರು ತಯಾರಕರು. ಆದರೆ ಒಡೆದ ಲ್ಯಾಪ್‌ಟಾಪ್ ಬ್ಯಾಟರಿಯ ತಯಾರಕರನ್ನು ಮನ್ನಾಏಖೇಳ್ಳಿಯಲ್ಲಿ ಎಲ್ಲಿ ಹುಡುಕೋದು? ಬಸ್ಸಿನಲ್ಲಿ ಹೊತ್ತು ತರೋದಂತೂ ಆಗದ ಮಾತು. ಬೀದರ್, ಕಲಬುರಗಿ ಕಡೆ ಇವನ್ನು ಸರಿಯಾಗಿ ತಗೊಳ್ಳೋರು ಯಾರಾದರೂ ನಿಮಗೆ ಗೊತ್ತಿದ್ದರೆ ಕೆಳಗೆ ಬರೀರಿ.