ದೊಡ್ಡವ್ವ ಯಾವ ಗುಂಪಿನಲ್ಲಿದ್ದಳು?

ಇವತ್ತಿನ ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಹೆಣ್ಣುಮಕ್ಕಳು ಓದಲೇಬೇಕು, ಗಂಡಸರು ನಾಚಿಕೊಳ್ಳದೆ ಓದಬೇಕು.

ನನ್ನ ದೊಡ್ಡವ್ವ ತೀರಿಕೊಂಡಿದ್ದು 2004ರಲ್ಲಿ, ಆಳಂದ ತಾಲೂಕಿನ ನಮ್ಮ ಕೇರಿಯಲ್ಲಿ. ಐವತ್ತು ಕೂಡ ತುಂಬಿರಲಿಲ್ಲ. ಮೂರ್ನಾಲ್ಕು ವರ್ಷದಿಂದ ಬಿಳಿ ಹೋಗ್ತಿತ್ತು, ಮುಟ್ಟು ನಿಂತ ಮೇಲೂ ಆಗಾಗ ರಕ್ತ ಕಾಣಿಸ್ತಿತ್ತು. ಕೇಳಿದ್ರೆ "ಎಲ್ಲಾ ಹೆಣ್ಮಕ್ಕಳಿಗೂ ಹೋಗ್ತದ ತಗೋ" ಅಂತಿದ್ಲು. ತೊಗರಿ ಕಟಾವು ಬಿಟ್ಟು ಆಸ್ಪತ್ರೆಗೆ ಹೋದ್ರೆ ಅವತ್ತಿನ ಕೂಲಿ ಯಾರು ಕೊಡ್ತಾರೆ? ಕಡೆಗೆ ಒಂದು ಆಸ್ಪತ್ರೆಗೆ ಕರ್ಕೊಂಡು ಹೋದಾಗ ಡಾಕ್ಟರು ಮುಟ್ಟಿ ನೋಡಲಿಲ್ಲ. ಮೇಜಿನ ಆಚೆಯಿಂದಲೇ ಮಾತ್ರೆ ಬರೆದುಕೊಟ್ರು. ಇನ್ನೊಂದು ಆಸ್ಪತ್ರೆಯಲ್ಲಿ ಮುಟ್ಟಿ ನೋಡಿದವರು "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂತ ನಮ್ಮನ್ನೇ ಬೈದ್ರು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂದ್ರು. ಏಳು ತಿಂಗಳಿಗೆ ಮಣ್ಣು ಮಾಡಿದ್ವಿ.

ಬಹಳ ವರ್ಷ ಆದ ಮೇಲೆ ಒಂದು ವಿಷಯ ಓದಿ ಬೆಚ್ಚಿಬಿದ್ದೆ. ದೊಡ್ಡವ್ವ ಆ ನೋವು ತಿಂತಿದ್ದ ಅದೇ ವರ್ಷಗಳಲ್ಲಿ, ನಮ್ಮ ತಾಲೂಕಿನ ಗಡಿ ದಾಟಿದರೆ ಸಿಗುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಇದೇ ಕಾಯಿಲೆ ಮೇಲೆ ಜಗತ್ತಿನ ಅತಿ ದೊಡ್ಡ ಅಧ್ಯಯನಗಳಲ್ಲಿ ಒಂದು ನಡೀತಾ ಇತ್ತು! ಅದರ ಚರಿತ್ರೆ ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಮೊದಲು ಕಾಯಿಲೆ ಬಗ್ಗೆ ಎರಡು ಮಾತು. ಇದು ದಿಢೀರ್ ಅಂತ ಬರುವ ಕ್ಯಾನ್ಸರ್ ಅಲ್ಲ. ಎಚ್‌ಪಿವಿ ಅನ್ನೋ ವೈರಸ್ಸಿನಿಂದ ಶುರುವಾಗಿ, ಗರ್ಭಕಂಠದ ಜೀವಕೋಶಗಳು ನಿಧಾನಕ್ಕೆ ಕೆಟ್ಟು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕೂ ಹೆಚ್ಚು ಬೇಕು. ಆ ನಡುವಿನ ಕಾಲದಲ್ಲಿ ಹಿಡಿದರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತೆ. ಹಿಡಿಯುವ ದಾರಿ 1940ರ ದಶಕದಿಂದಲೇ ಇತ್ತು. ಜಾರ್ಜ್ ಪಾಪನಿಕೊಲಾವ್ ಅನ್ನೋ ವೈದ್ಯರ ಹೆಸರಿನ ಪ್ಯಾಪ್ ಪರೀಕ್ಷೆ ಅದು. ಶ್ರೀಮಂತ ದೇಶಗಳಲ್ಲಿ ಈ ಸಾವು ಇಳಿದಿದ್ದು ಅದರಿಂದಲೇ. ಅಂದ್ರೆ ದೊಡ್ಡವ್ವ ಹುಟ್ಟುವ ಮೊದಲೇ ದೊಡ್ಡವ್ವನನ್ನ ಉಳಿಸುವ ವಿದ್ಯೆ ಜಗತ್ತಿನಲ್ಲಿತ್ತು.

ಈಗ 1976ರ ದೆಹಲಿಗೆ ಬನ್ನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, ತನ್ನ ಒಂದು ಸಂಸ್ಥೆಯ ಮೂಲಕ ಅಲ್ಲಿ ಅಧ್ಯಯನ ಶುರು ಮಾಡ್ತು. ಗರ್ಭಕಂಠದ ಜೀವಕೋಶ ಕೆಟ್ಟಿರುವ 1,100ಕ್ಕೂ ಹೆಚ್ಚು ಹೆಂಗಸರನ್ನ ಗುರುತಿಸಿದರು. ಗುರುತಿಸಿ ಚಿಕಿತ್ಸೆ ಕೊಡಲಿಲ್ಲ, ಕಾದು ನೋಡಿದರು. ಎಷ್ಟು ಜನಕ್ಕೆ ಕ್ಯಾನ್ಸರ್ ಆಗುತ್ತೆ, ಎಷ್ಟು ಜನಕ್ಕೆ ತಾನಾಗಿಯೇ ವಾಸಿಯಾಗುತ್ತೆ ಅಂತ ತಿಳಿಯೋದು ಅವರ ಉದ್ದೇಶ. 1988ರವರೆಗೆ, ಹನ್ನೆರಡು ವರ್ಷ ನಡೀತು. ಹಲವರಿಗೆ ಕ್ಯಾನ್ಸರ್ ಆಯ್ತು. ಒಂಬತ್ತು ಮಂದಿಗೆ ಅದು ಒಳಗೆ ಹರಡುವ ಹಂತಕ್ಕೂ ಹೋಯ್ತು. ಲಿಖಿತ ಒಪ್ಪಿಗೆ ಯಾರಿಂದಲೂ ಪಡೆದಿರಲಿಲ್ಲ. 1997ರಲ್ಲಿ ಪತ್ರಿಕೆಗಳಲ್ಲಿ ವರದಿ ಬಂದಾಗ ಮಂಡಳಿ ಹೇಳಿದ್ದು ಇಷ್ಟು: ಬಾಯಿಮಾತಿನಲ್ಲಿ ಒಪ್ಪಿಗೆ ಕೇಳಿದ್ವಿ, ಆ ಕಾಲದ ನಿಯಮದಲ್ಲಿ ಲಿಖಿತ ಒಪ್ಪಿಗೆ ಕಡ್ಡಾಯ ಇರಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ದೇಶದಲ್ಲಿ ಏನಾಯ್ತು ನೋಡಿ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಹರ್ಬರ್ಟ್ ಗ್ರೀನ್ ಎಂಬ ವೈದ್ಯರು 1966ರಿಂದ ಹೀಗೇ ಹೆಂಗಸರಿಗೆ ಪೂರ್ತಿ ಚಿಕಿತ್ಸೆ ಕೊಡದೆ ಕಾದು ನೋಡುತ್ತಿದ್ದರು. 1987ರಲ್ಲಿ ಸಾಂಡ್ರಾ ಕೋನಿ ಮತ್ತು ಫಿಲಿಡಾ ಬಂಕಲ್ ಎಂಬ ಇಬ್ಬರು ಸ್ತ್ರೀವಾದಿಗಳು ಒಂದು ಮಾಸಪತ್ರಿಕೆಯಲ್ಲಿ ಅದನ್ನ ಬಯಲಿಗೆ ಎಳೆದರು. ಕೂಡಲೇ ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ನೇತೃತ್ವದಲ್ಲಿ ವಿಚಾರಣೆ ಆಯ್ತು. 1988ರಲ್ಲಿ ವರದಿ ಬಂತು. ಆ ದೇಶದಲ್ಲಿ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ, ರೋಗಿಗಳ ಹಕ್ಕಿನ ಸಂಹಿತೆ ಎಲ್ಲಾ ಹುಟ್ಟಿದ್ದು ಅದರಿಂದ. ಅಲ್ಲಿ ವರದಿ ಬಂದ ಅದೇ 1988ರಲ್ಲಿ ದೆಹಲಿಯ ಅಧ್ಯಯನ ಸದ್ದಿಲ್ಲದೆ ಮುಗೀತು. ನಮಗೆ ನ್ಯಾಯಾಧೀಶೆ ಸಿಗಲಿಲ್ಲ. 2000ದಲ್ಲಿ ಐಸಿಎಂಆರ್ ಹೊಸ ನೈತಿಕ ಮಾರ್ಗಸೂಚಿ ತಂತು, ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1998ರಿಂದ ಭಾರತದಲ್ಲಿ ಮೂರು ದೊಡ್ಡ ಅಧ್ಯಯನ ಶುರುವಾದವು. ಮುಂಬೈ ಕೊಳೆಗೇರಿಗಳಲ್ಲಿ ಒಂದು, ಉಸ್ಮಾನಾಬಾದ್ ಹಳ್ಳಿಗಳಲ್ಲಿ ಒಂದು, ತಮಿಳುನಾಡಿನ ದಿಂಡಿಗಲ್‌ನಲ್ಲಿ ಒಂದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಗೇಟ್ಸ್ ಫೌಂಡೇಶನ್ ಇಂಥವರ ಹಣ. ನಡೆಸಿದವರು ಟಾಟಾ ಮೆಮೋರಿಯಲ್‌ನಂತಹ ಹೆಸರಾಂತ ಸಂಸ್ಥೆಗಳ ವೈದ್ಯರು. ಅವರ ಪ್ರಶ್ನೆ ಒಳ್ಳೆಯದೇ ಇತ್ತು: ಪ್ಯಾಪ್ ಪರೀಕ್ಷೆಗೆ ಪ್ರಯೋಗಾಲಯ ಬೇಕು, ತಜ್ಞರು ಬೇಕು. ಬಡ ದೇಶದಲ್ಲಿ ಅಗ್ಗದ ದಾರಿ ಏನಾದರೂ ಇದೆಯಾ?

ದಾರಿ ಇತ್ತು. ವಿನೆಗರ್! ಗೋಬಿ ಮಂಚೂರಿ ಗಾಡಿಯಲ್ಲಿ ಇಟ್ಟಿರ್ತಾರಲ್ಲ, ಅದೇ ಹುಳಿ. ಅದರ ತೆಳು ದ್ರಾವಣವನ್ನ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಬಿಟ್ಟು ನೋಡಿದರೆ ಕೆಟ್ಟ ಜಾಗ ಬೆಳ್ಳಗಾಗುತ್ತೆ. ಇದನ್ನ ವಿಐಎ ಪರೀಕ್ಷೆ ಅಂತಾರೆ. ಡಾಕ್ಟರೇ ಬೇಕಾಗಿಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಸಾಕು.

ಆದರೆ ಇದು ಸಾವನ್ನ ತಡೆಯುತ್ತೆ ಅಂತ ಸಾಬೀತು ಮಾಡೋಕೆ ಅವರು ಹೆಂಗಸರನ್ನ ಚೀಟಿ ಎತ್ತಿದ ಹಾಗೆ ಹಂಚಿದರು. ಉಸ್ಮಾನಾಬಾದಿನಲ್ಲಿ 30ರಿಂದ 59 ವಯಸ್ಸಿನ 1,31,746 ಹೆಂಗಸರು, ನಾಲ್ಕು ಗುಂಪು. ಒಂದಕ್ಕೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಪ್ಯಾಪ್, ಒಂದಕ್ಕೆ ವಿನೆಗರ್. ನಾಲ್ಕನೆಯ ಗುಂಪಿಗೆ ಯಾವ ಪರೀಕ್ಷೆಯೂ ಇಲ್ಲ. ಕಾಯಿಲೆ ಬಗ್ಗೆ ತಿಳುವಳಿಕೆ ಹೇಳಿ, ಬೇಕಾದರೆ ಎಲ್ಲಿಗೆ ಹೋಗಬಹುದು ಅಂತ ತಿಳಿಸಿ ಬಿಟ್ಟರು. ಇದಕ್ಕೆ ಕಂಟ್ರೋಲ್ ಗುಂಪು ಅಂತ ಹೆಸರು. ನಮ್ಮ ಗಡಿಯಾಚೆಯ ಆ ಹಳ್ಳಿಗಳಲ್ಲಿ ಹೀಗೆ 31,488 ಹೆಂಗಸರಿದ್ದರು. ಮೂರೂ ಅಧ್ಯಯನ ಸೇರಿಸಿದರೆ 1,38,624.

ಫಲಿತಾಂಶ ಬಂತು. ಉಸ್ಮಾನಾಬಾದಿನಲ್ಲಿ ಎಂಟು ವರ್ಷದಲ್ಲಿ ಎಚ್‌ಪಿವಿ ಪರೀಕ್ಷೆ ಆದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಏನೂ ಸಿಗದ ಗುಂಪಿನಲ್ಲಿ 64. ಮುಂಬೈಯಲ್ಲಿ ವಿನೆಗರ್ ಗುಂಪಿನಲ್ಲಿ 67, ಏನೂ ಸಿಗದ ಗುಂಪಿನಲ್ಲಿ 98. ದಿಂಡಿಗಲ್‌ನಲ್ಲಿ ಏನೂ ಸಿಗದ ಗುಂಪಿನ ಸಾವು 92. ಮೂರೂ ಕಡೆ ಏನೂ ಸಿಗದವರಲ್ಲಿ ಒಟ್ಟು 254 ಸಾವು. 2013ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ದೊಡ್ಡ ಸಮ್ಮೇಳನದಲ್ಲಿ ಮುಂಬೈ ಫಲಿತಾಂಶ ಹೇಳಿದಾಗ ಜಗತ್ತೇ ಹೊಗಳಿತು. ವಿನೆಗರ್ ಸಾವನ್ನ 31% ಇಳಿಸುತ್ತೆ! ಸುದ್ದಿ ನಿಜ, ಒಳ್ಳೆಯದು ಕೂಡ. ಆ 254 ಜನರ ಮಾತು ಆ ಸಂಭ್ರಮದಲ್ಲಿ ಕೇಳಲಿಲ್ಲ.

ಪ್ರಶ್ನೆ ಕೇಳಿದವರು ಎರಿಕ್ ಸುಬಾ ಅನ್ನೋ ಅಮೆರಿಕದ ರೋಗಶಾಸ್ತ್ರಜ್ಞ. 2011ರಲ್ಲಿ ಅವರು ತಮ್ಮ ಸರ್ಕಾರಕ್ಕೇ ದೂರು ಕೊಟ್ಟರು. ಪರಿಶೀಲಿಸಿದ ಕಚೇರಿ, ಮುಂಬೈಯ ಹೆಂಗಸರಿಗೆ ಒಪ್ಪಿಗೆ ಕೊಡೋಕೆ ಬೇಕಾದಷ್ಟು ಮಾಹಿತಿ ಸಿಕ್ಕಿರಲಿಲ್ಲ ಅಂತ ಹೇಳಿತು. ಪ್ಯಾಪ್ ಅನ್ನೋದೊಂದು ಪರೀಕ್ಷೆ ಇದೆ, ಅದು ಜೀವ ಉಳಿಸುತ್ತೆ ಅಂತ ಗೊತ್ತಿದ್ದರೆ ಯಾವ ತಾಯಿ ತಾನೇ "ನನಗೆ ಬೇಡ, ಸುಮ್ನೆ ನೋಡ್ತಾ ಇರಿ" ಅಂತ ಹೆಬ್ಬೆಟ್ಟು ಒತ್ತುತ್ತಾಳೆ?

ಅಧ್ಯಯನ ಮಾಡಿದವರ ಉತ್ತರವನ್ನೂ ಹೇಳಬೇಕು, ಅದು ನ್ಯಾಯ. ಅವರು ಹೇಳಿದ್ದು: ಭಾರತದಲ್ಲಿ ತಪಾಸಣೆ ಕಾರ್ಯಕ್ರಮವೇ ಇರಲಿಲ್ಲ. ಇಲ್ಲಿನ 'ಸ್ಟ್ಯಾಂಡರ್ಡ್ ಆಫ್ ಕೇರ್' ಅಂದ್ರೆ ಯಾವ ತಪಾಸಣೆಯೂ ಇಲ್ಲದಿರುವುದು. ನಾವು ಯಾರಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ. ಇಲ್ಲದ್ದು ಇಲ್ಲದ ಹಾಗೇ ಇತ್ತು.

ಈ ಮಾತನ್ನ ನಾನು ಎರಡು ಸಲ ಓದಿದೆ. ಎಲ್ಲೋ ಕೇಳಿದ್ದೀನಲ್ಲ ಅನ್ನಿಸ್ತು. ಆಮೇಲೆ ಹೊಳೀತು.

ಮಹಾಡ್!

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಚವದಾರ್ ಕೆರೆಯ ನೀರು ಕುಡಿದರು. ಸವರ್ಣೀಯರು ಕೋರ್ಟಿಗೆ ಹೋದರು. ಅವರ ವಾದ ಏನು? ಅಸ್ಪೃಶ್ಯರು ಈ ಕೆರೆಯ ನೀರು ಮುಟ್ಟದಿರುವುದು ಅನಾದಿ ಕಾಲದ ವಾಡಿಕೆ. ಹತ್ತು ವರ್ಷ ಕೇಸು ನಡೀತು. 1937ರಲ್ಲಿ ಬಾಂಬೆ ಹೈಕೋರ್ಟ್, ಅಂಥ ಅನಾದಿ ವಾಡಿಕೆ ಸಾಬೀತಾಗಿಲ್ಲ ಅಂತ ನಮ್ಮ ಕಡೆ ತೀರ್ಪು ಕೊಡ್ತು.

ತಲೆತಲಾಂತರದಿಂದ ನೀರು ಕೊಡದೆ, ಆಮೇಲೆ 'ಕೊಡದಿರುವುದೇ ವಾಡಿಕೆ' ಅನ್ನೋದು. ತಲೆತಲಾಂತರದಿಂದ ಆಸ್ಪತ್ರೆ ಕೊಡದೆ, ಆಮೇಲೆ 'ಕೊಡದಿರುವುದೇ ಸ್ಟ್ಯಾಂಡರ್ಡ್' ಅನ್ನೋದು. ಭಾಷೆ ಬದಲಾಗಿದೆ, ತರ್ಕ ಅದೇ. ಆ ವೈದ್ಯರು ಜಾತಿವಾದಿಗಳು ಅಂತ ನಾನು ಹೇಳ್ತಿಲ್ಲ. ಅವರಲ್ಲಿ ಹಲವರು ಬಡ ಹೆಂಗಸರು ಉಳಿಯಲಿ ಅಂತಲೇ ದುಡಿದವರು. ನಾನು ಹೇಳ್ತಿರೋದು, ಒಬ್ಬಳಿಗೆ ಏನೂ ಸಿಗದಿರುವ ಅನ್ಯಾಯವನ್ನೇ ಲೆಕ್ಕದ ಮೊದಲ ಗೆರೆ ಮಾಡಿಕೊಂಡರೆ ಅಲ್ಲಿಂದ ಮುಂದೆ ಎಲ್ಲಾ ಲೆಕ್ಕವೂ ಸರಿಯಾಗೇ ಕಾಣುತ್ತೆ. ಗೆರೆ ಎಳೆದವರು ಯಾರು ಅಂತ ಯಾರೂ ಕೇಳಲ್ಲ. ಕೊಳೆಗೇರಿಯಲ್ಲಿ, ಬರಪೀಡಿತ ಹಳ್ಳಿಯಲ್ಲಿ ಯಾರಿರ್ತಾರೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಪ್ಪಿಗೆ ಅನ್ನೋದು ಎಷ್ಟು ಅಗ್ಗ ಅಂತ ತಿಳಿಯೋಕೆ ಇನ್ನೊಂದು ಉದಾಹರಣೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಎಚ್‌ಪಿವಿ ಲಸಿಕೆಯ ಯೋಜನೆಯೊಂದು ನಡೀತು. ಪಾತ್ ಎಂಬ ಅಮೆರಿಕದ ಸಂಸ್ಥೆ, ಜೊತೆಗೆ ಐಸಿಎಂಆರ್. 10ರಿಂದ 14 ವಯಸ್ಸಿನ ಹೆಣ್ಣುಮಕ್ಕಳು, ಖಮ್ಮಂನಲ್ಲಿ ಅನೇಕರು ಆದಿವಾಸಿ ಹಾಸ್ಟೆಲ್ ಮಕ್ಕಳು. 2010ರಲ್ಲಿ ಯೋಜನೆ ನಿಲ್ಲಿಸಿದರು. ಏಳು ಮಕ್ಕಳ ಸಾವು ಸುದ್ದಿಯಾಗಿತ್ತು. ಆ ಸಾವುಗಳಿಗೆ ಲಸಿಕೆ ಕಾರಣ ಅಲ್ಲ ಅಂತ ತನಿಖೆ ಹೇಳಿತು, ಅದನ್ನ ಮುಚ್ಚಿಡಬಾರದು. ಆದರೆ 2013ರ ಸಂಸದೀಯ ಸಮಿತಿ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ. ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರಲ್ಲಿ ಹೆಬ್ಬೆಟ್ಟು. 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು! ನಾನೂ ಹಾಸ್ಟೆಲಲ್ಲಿ ಓದಿದವಳು. ವಾರ್ಡನ್ ನಮ್ಮ ಸೋಪಿನ ಲೆಕ್ಕಕ್ಕೆ ಸಹಿ ಹಾಕ್ತಿದ್ರು. ನಮ್ಮ ಮೈಗೆ ಸಹಿ ಹಾಕುವ ಹಕ್ಕು ಅವರಿಗೆ ಯಾರು ಕೊಟ್ಟರು?

ಇಷ್ಟೆಲ್ಲಾ ಓದಿ ಯಾರೂ "ಹಾಗಾದ್ರೆ ಲಸಿಕೆ ಬೇಡ, ಪರೀಕ್ಷೆ ಬೇಡ" ಅನ್ನಬೇಡಿ. ಕೈಮುಗಿದು ಹೇಳ್ತೀನಿ. ಲಸಿಕೆ ಒಳ್ಳೆಯದು, 9ರಿಂದ 14 ವಯಸ್ಸಿನ ಹೆಣ್ಣುಮಕ್ಕಳಿಗೆ ಕೊಡಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ 2023ರಲ್ಲಿ ಬಂದಿದೆ. ಸಂಶೋಧನೆ ನಮ್ಮ ವೈರಿ ಅಲ್ಲ. ಅಜ್ಞಾನ ಇದ್ದ ಕಡೆ ಹೆದರಿಕೆ ಬಂದು ಕೂರುತ್ತೆ. ನಮ್ಮ ಕಲಬುರಗಿ ತಾಂಡಾಗಳಲ್ಲೇ "ಕ್ಯಾನ್ಸರ್ ಆಗ್ತದ" ಅಂತ ಹೆದರಿಸಿ ಎಷ್ಟು ಹೆಣ್ಣುಮಕ್ಕಳ ಗರ್ಭಕೋಶ ತೆಗೆದರು ಅಂತ ನಿಮಗೆ ನೆನಪಿದೆ. ಪರೀಕ್ಷೆ ಸಿಕ್ಕಿದ್ದರೆ ಆ ಹೆದರಿಕೆ ಮಾರಾಟ ಆಗ್ತಿರಲಿಲ್ಲ.

ನನ್ನ ಸಿಟ್ಟು ಇರೋದು ಫಲದ ಬಗ್ಗೆ. 254 ಜನ ಸತ್ತು ಒಂದು ಸತ್ಯ ಸಾಬೀತಾಯ್ತು: ತಪಾಸಣೆ ಜೀವ ಉಳಿಸುತ್ತೆ. ಸರಿ, ಆಮೇಲೆ? 2016ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ತಂತು. 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ವಿಐಎ ಪರೀಕ್ಷೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು 1.9%. ನೂರಕ್ಕೆ ಇಬ್ಬರು! ಉಳಿದ ತೊಂಬತ್ತೆಂಟು ಜನ ಎಲ್ಲಿದ್ದಾರೆ? ಅಧ್ಯಯನ ಮುಗಿದಿದೆ, ಕಂಟ್ರೋಲ್ ಗುಂಪು ಮುಗಿದಿಲ್ಲ.

ನನ್ನ ದೊಡ್ಡವ್ವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವಳ ಊರು ಗಡಿಯ ಈಚೆ ಇತ್ತು. ಆದರೂ ಅವಳು ಬದುಕಿದ್ದೂ ಸತ್ತಿದ್ದೂ ಆ ನಾಲ್ಕನೆಯ ಗುಂಪಿನಲ್ಲೇ. ಆಚೆ ಇದ್ದವರ ಸಾವನ್ನ ಎಣಿಸಿದರು, ಅವಳದನ್ನ ಎಣಿಸಲಿಲ್ಲ. ಅಷ್ಟೇ ವ್ಯತ್ಯಾಸ.

ಹಾಗಾಗಿ ಒಂದು ಕೆಲಸ ಮಾಡೋಣ. ನಿಮ್ಮ ಕೇರಿಗೆ ಯಾರಾದರೂ ಫಾರಂ ಹಿಡಿದು ಬಂದರೆ ಓಡಿಸಬೇಡಿ. ಕೂರಿಸಿ, ನಾಲ್ಕು ಮಾತು ಕೇಳಿ. ಇದು ಚಿಕಿತ್ಸೆಯೋ ಅಧ್ಯಯನವೋ? ನನ್ನ ಗುಂಪಿಗೆ ಏನು ಸಿಗುತ್ತೆ, ಪಕ್ಕದ ಗುಂಪಿಗೆ ಏನು ಸಿಗುತ್ತೆ? ಬೇಡ ಅಂದರೆ ನನಗೆ ಏನಾದರೂ ತಪ್ಪುತ್ತಾ? ಮುಗಿದ ಮೇಲೆ ನಮ್ಮ ಊರಿಗೆ ಏನು ಉಳಿಯುತ್ತೆ? ಇದು ಒಂದು. ಎರಡನೆಯದು, ಈ ವಾರವೇ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ "ವಿಐಎ ಯಾವ ದಿನ ಮಾಡ್ತೀರಿ?" ಅಂತ ಕೇಳಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಮಹಾಡಿಗೂ ಒಬ್ಬರೇ ಹೋಗಿರಲಿಲ್ಲ.

ಏನು ಉತ್ತರ ಬಂತು ಅಂತ ಕೆಳಗೆ ಬರೀರಿ. ಎಲ್ಲಾ ಊರಿನ ಉತ್ತರ ಸೇರಿಸಿ ಜಿಲ್ಲಾ ಆರೋಗ್ಯಾಧಿಕಾರಿಗೆ ಮನವಿ ಕೊಡೋಣ.

ಜೈ ಭೀಮ್.