ಕೀಟೊಕೊನಜೋಲ್ ಮತ್ತು ಯಕೃತ್ತು: ಒಂದು ಔಷಧದ ಚರಿತ್ರೆ

ಔಷಧವೊಂದರ ಚರಿತ್ರೆಯನ್ನು ಬರೆಯುವವರು ಅದು ಬಳಕೆಗೆ ಬಂದ ವರ್ಷವನ್ನು ತಪ್ಪದೆ ನಮೂದಿಸುತ್ತಾರೆ. ಅದರ ಬಳಕೆಗೆ ಮೇರೆಯನ್ನು ಗೊತ್ತುಮಾಡಿದ ವರ್ಷವನ್ನು ಅಷ್ಟಾಗಿ ಗಮನಿಸುವುದಿಲ್ಲ. ಕೀಟೊಕೊನಜೋಲ್ ಎಂಬ ಶಿಲೀಂಧ್ರನಾಶಕದ ವಿಷಯದಲ್ಲಿ ಈ ಎರಡು ವರ್ಷಗಳ ನಡುವೆ ಮೂರು ದಶಕಗಳಿಗೂ ಹೆಚ್ಚಿನ ಅಂತರವಿದೆ. ಔಷಧ ಅದೇ ಆಗಿದ್ದೂ ಅದರ ಬಗೆಗಿನ ನಿರ್ಣಯ ಏಕೆ ಬದಲಾಯಿತೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಶಿಲೀಂಧ್ರರೋಗಗಳಿಗೆ ಮೊದಲು ದೊರೆತ ಔಷಧಗಳಿಗೆ ಒಂದೊಂದು ಕೊರತೆಯಿತ್ತು. 1939ರಲ್ಲಿ ಬೇರ್ಪಡಿಸಲಾದ ಗ್ರೀಸಿಯೊಫುಲ್ವಿನ್ ಚರ್ಮ, ಕೂದಲು, ಉಗುರುಗಳ ರೋಗಕ್ಕೆ ಮಾತ್ರ ಉಪಯುಕ್ತವಾಗಿತ್ತು. ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಅವರು 1950ರಲ್ಲಿ ಪ್ರಕಟಪಡಿಸಿದ ನಿಸ್ಟಾಟಿನ್ ಕರುಳಿನಿಂದ ರಕ್ತಕ್ಕೆ ಸೇರುತ್ತಿರಲಿಲ್ಲ. ಆಂಫೊಟೆರಿಸಿನ್-ಬಿ ಪ್ರಬಲವಾದದ್ದಾದರೂ ಅದನ್ನು ರಕ್ತನಾಳದ ಮೂಲಕವೇ ಕೊಡಬೇಕಾಗಿತ್ತು. ಮೂತ್ರಪಿಂಡಗಳಿಗೂ ಅದು ಹಾನಿಕರವಾಗಿತ್ತು. ಆದುದರಿಂದ ಬೆಲ್ಜಿಯಮ್ಮಿನ ಜಾನ್ಸೆನ್ ಸಂಸ್ಥೆಯ ಕೀಟೊಕೊನಜೋಲ್ ಗುಳಿಗೆಗೆ 1981ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಾಗ ವೈದ್ಯರು ಅದನ್ನು ಆದರದಿಂದ ಸ್ವಾಗತಿಸಿದುದರಲ್ಲಿ ಆಶ್ಚರ್ಯವಿಲ್ಲ. ಬಾಯಿಯ ಮೂಲಕ ಸೇವಿಸಿ ಒಳ ಅಂಗಗಳ ಹಲವು ಶಿಲೀಂಧ್ರರೋಗಗಳನ್ನು ಗುಣಪಡಿಸುವುದು ಅದರಿಂದ ಸಾಧ್ಯವಾಯಿತು.

ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೋಸ್ಟೆರಾಲ್ ಎಂಬ ವಸ್ತು ಅವಶ್ಯಕ. ಅದನ್ನು ನಿರ್ಮಿಸುವ ಒಂದು ಕಿಣ್ವವನ್ನು ಈ ಔಷಧ ತಡೆಯುತ್ತದೆ. ಆ ಕಿಣ್ವವು ಸೇರಿರುವ ಸೈಟೊಕ್ರೋಮ್ ಪಿ-450 ಕುಟುಂಬವು ಮಾನವನ ಯಕೃತ್ತಿನಲ್ಲಿಯೂ ಇದೆ. ಆದುದರಿಂದ ಇತರ ಔಷಧಗಳ ವಿಲೇವಾರಿಯೂ ಹಾರ್ಮೋನುಗಳ ಉತ್ಪತ್ತಿಯೂ ಇದರಿಂದ ಏರುಪೇರಾಗುತ್ತವೆ.

ಬಳಕೆ ವ್ಯಾಪಿಸಿದ ಕೆಲವೇ ಕಾಲದಲ್ಲಿ ಯಕೃತ್ತಿನ ಉರಿಯೂತದ ವರದಿಗಳು ಬರತೊಡಗಿದುವು. ಸಾಮಾನ್ಯವಾಗಿ ಚಿಕಿತ್ಸೆಯ ಮೊದಲ ಆರು ತಿಂಗಳಲ್ಲಿ ಬಳಲಿಕೆ, ಹಸಿವಿಲ್ಲದಿರುವಿಕೆ, ಕಾಮಾಲೆ ಇವು ತೋರುತ್ತಿದ್ದುವು. ಔಷಧವನ್ನು ಬೇಗನೆ ನಿಲ್ಲಿಸಿದವರಲ್ಲಿ ಬಹುಮಂದಿ ಚೇತರಿಸಿಕೊಂಡರು, ಕೆಲವರು ಮೃತರಾದರು. ಸ್ಪಷ್ಟವಾದ ಯಕೃದ್ರೋಗವು ಸುಮಾರು 2,000ದಿಂದ 15,000 ಮಂದಿಯಲ್ಲಿ ಒಬ್ಬರಿಗೆ ಸಂಭವಿಸುವುದೆಂದು ಅಂದಾಜು ಮಾಡಲಾಗಿದೆ. ಕೆಲವು ನೂರು ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಇಷ್ಟು ವಿರಳವಾದ ಹಾನಿ ಕಾಣದಿರುವುದು ಸಹಜ. ಅದು ಯಾರಿಗೆ ತಗಲುವುದೆಂದು ಮುಂಚಿತವಾಗಿ ಹೇಳುವುದೂ ಸಾಧ್ಯವಿಲ್ಲ.

ಹೀಗಿದ್ದೂ ಔಷಧ ಉಳಿಯಿತು. ಏಕೆಂದರೆ ಅದಕ್ಕೆ ಸಮನಾದ ಬೇರೊಂದು ಗುಳಿಗೆ ಆಗ ಇರಲಿಲ್ಲ. ಅಮೆರಿಕದಲ್ಲಿ 1990ರಲ್ಲಿ ಫ್ಲೂಕೊನಜೋಲ್, 1992ರಲ್ಲಿ ಇಟ್ರಾಕೊನಜೋಲ್, 1996ರಲ್ಲಿ ಟರ್ಬಿನಾಫಿನ್ ಗುಳಿಗೆಗಳು ಬಂದ ಮೇಲೆ ಈ ಸಮರ್ಥನೆ ದುರ್ಬಲವಾಯಿತು. ಇವೂ ಸಂಪೂರ್ಣವಾಗಿ ನಿರಪಾಯಕರವಲ್ಲ. ಇಟ್ರಾಕೊನಜೋಲ್ ಮತ್ತು ಟರ್ಬಿನಾಫಿನ್‌ಗಳ ಬಗ್ಗೆಯೂ 2001ರಲ್ಲಿ ಯಕೃತ್ತಿನ ಎಚ್ಚರಿಕೆ ಹೊರಟಿತು. ಕೊನೆಗೆ 2013ರ ಜುಲೈ 26ರಂದು ಯೂರೋಪಿನ ಔಷಧ ಸಂಸ್ಥೆಯು ಶಿಲೀಂಧ್ರರೋಗಗಳಿಗೆ ಕೀಟೊಕೊನಜೋಲ್ ಗುಳಿಗೆಯ ಮಾರಾಟವನ್ನು ತಡೆಹಿಡಿಯಲು ಶಿಫಾರಸು ಮಾಡಿತು. ಅದೇ ದಿನ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅದರ ಬಳಕೆಯನ್ನು ಬೇರೆ ಮಾರ್ಗವಿಲ್ಲದ ಕೆಲವು ತೀವ್ರ ರೋಗಗಳಿಗೆ ಸೀಮಿತಗೊಳಿಸಿತು. ರಕ್ತಕ್ಕೆ ಅತ್ಯಲ್ಪವಾಗಿ ಸೇರುವ ಲೇಪನ, ಶಾಂಪೂಗಳಿಗೆ ಈ ನಿರ್ಬಂಧ ಅನ್ವಯಿಸಲಿಲ್ಲ.

ಆದರೆ ಆಜ್ಞೆ ಹೊರಟ ಮಾತ್ರಕ್ಕೆ ಅಭ್ಯಾಸ ಬದಲಾಗುವುದಿಲ್ಲ. ಚರ್ಮ ಮತ್ತು ಉಗುರಿನ ರೋಗಗಳಿಗೆ ಈ ಗುಳಿಗೆಯನ್ನು ಇನ್ನೂ ಬರೆದುಕೊಡಲಾಗುತ್ತಿದೆಯೆಂದು ಅಮೆರಿಕದ ಆಡಳಿತವು 2016ರಲ್ಲಿ ಪುನಃ ಎಚ್ಚರಿಸಬೇಕಾಯಿತು. ಉಗುರಿನ ರೋಗಕ್ಕೆ ಇದನ್ನು ಸೇವಿಸಿದ ರೋಗಿಯೊಬ್ಬರು ಯಕೃತ್ತಿನ ವೈಫಲ್ಯದಿಂದ ಮೃತರಾದ ಸಂಗತಿ ಆ ಎಚ್ಚರಿಕೆಯಲ್ಲಿದೆ. ಪ್ರಾಣಾಂತಿಕ ರೋಗದಲ್ಲಿ ಸಹಿಸಬಹುದಾದ ಅಪಾಯವನ್ನು ಉಗುರಿನ ವಿಕಾರಕ್ಕಾಗಿ ಸಹಿಸಲಾಗದು. ಔಷಧದ ಗುಣದೋಷಗಳನ್ನು ಅದೊಂದನ್ನೇ ನೋಡಿ ನಿರ್ಣಯಿಸದೆ, ರೋಗದ ತೀವ್ರತೆಯನ್ನೂ ಲಭ್ಯವಿರುವ ಇತರ ಚಿಕಿತ್ಸೆಗಳನ್ನೂ ಜೊತೆಗಿಟ್ಟು ತೂಗಬೇಕೆಂಬುದೇ ಈ ಚರಿತ್ರೆಯಿಂದ ನಮಗೆ ತಿಳಿದುಬರುವ ಅಂಶ.